ಟೈಲರಕ್ಕನ ಮುಂದಿನ ಹಲ್ಲು

ಹೊಲಿದ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದ ಟೈಲರಕ್ಕನ ಮುಂದಿನ ಹಲ್ಲು ಒಳಗೊಳಗೇ ಕೆಟ್ಟು, ನೋವು ನೆತ್ತಿಗೇರಿತ್ತು. ಹಲ್ಲು ಕಿತ್ತೇಬಿಡುತ್ತಾರೇನೋ ಎಂದು ಹೆದರುತ್ತಲೇ ಅವಳು ದಂತವೈದ್ಯೆಯ ಕುರ್ಚಿ ಹತ್ತಿದಳು.

“ಕೀಳ್ಬೇಡಿ ಡಾಕ್ಟ್ರಮ್ಮ, ದೇವ್ರು ಹೊಲಿದು ಕೊಟ್ಟಿದ್ದು.”

“ಕೀಳಲ್ಲ ಅಕ್ಕ. ಒಳಗಿನ ಕೆಟ್ಟ ತಿರುಳು ತೆಗೆದು, ತೊಳೆದು, ಬೇರೆ ತುಂಬಿಸ್ತೀನಿ.”

“ಅಂದ್ರೆ ಕೋಟು ಅದೇ, ಲೈನಿಂಗ್ ಹೊಸದು!”

“ಹೂಂ. ಆದ್ರೆ ಇನ್ಮೇಲೆ ದಾರಕ್ಕೆ ಕತ್ತರೀನೇ. ಕಚ್ಚಿದ್ರೆ ಹಲ್ಲು ಮುರಿಯುತ್ತೆ.”

ರೂಟ್ ಕೆನಾಲ್ ಮುಗಿದು ಹಲ್ಲು ಉಳಿಯಿತು. ಮಾರನೆಯ ದಿನ ಅಂಗಡಿಯಲ್ಲಿ ಗುಂಡಿ ಹೊಲಿದ ಅಕ್ಕ ಅಭ್ಯಾಸಬಲದಿಂದ ದಾರವನ್ನು ಬಾಯಿಗೆ ಒಯ್ದಳು. ಕಾಜಾ ಹಾಕುತ್ತಿದ್ದ ನಾದಿನಿ ಕತ್ತರಿ ಹಿಡಿದು ಓಡಿಬಂದಳು.

“ಅತ್ತಿಗೇ, ಬಾಯಿ ಮುಚ್ಚಿ!”

ಅತ್ತಿಗೆಗೆ ಹಾಗೆನ್ನುವ ಧೈರ್ಯ ಅವಳಿಗೆ ಬಂದದ್ದು ಅದೇ ಮೊದಲು. ಹಲ್ಲಿನ ಆಸೆಗೆ ಅಕ್ಕನೂ ಬಾಯಿ ಮುಚ್ಚಿದಳು.