ನಾಲ್ಕನೆಯ ನುಡಿಗೆ ಹಾಕಿದ ಕತ್ತರಿ

ಹಾಡಿನ ಬಗ್ಗೆ ಬರೆಯಲು ನನಗಿದ್ದ ಅರ್ಹತೆ ಎರಡು ಕಿವಿ, ಅಷ್ಟೇ. ಹಾಡಲು ಬರುವುದಿಲ್ಲ. ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಊಟದ ಬಿಡುವಿನಲ್ಲಿ ರೊಟ್ಟಿ ಮುರಿಯುತ್ತ ಮೊಬೈಲಿನಲ್ಲಿ ಬ್ಲಾಗ್ ಬರೆಯುತ್ತಿದ್ದೆ. ಭಾತಂಬ್ರಾದ ತವರಿಗೆ, ಔರಾದ ಕಡೆಯ ನೆಂಟರ ಊರುಗಳಿಗೆ ಹೋದಾಗ ಕೇಳಿದ ಭಜನೆ, ಬೀಸುವ ಪದಗಳನ್ನು ರೆಕಾರ್ಡ್ ಮಾಡಿ ಹಾಕಿ, ಕೆಳಗೆ ನಾಲ್ಕು ಮಾತು ಬರೆಯುವುದು. ಆ ನಾಲ್ಕರಲ್ಲಿ ಮೂರು ತಪ್ಪು ಹಿಡಿಯುವುದೇ. ಡೋಲಕಿ ಸಡಿಲ, ಶ್ರುತಿ ಇಳಿದಿದೆ, ಎರಡನೆಯವಳಿಗೆ ಅವಸರ ಹೆಚ್ಚು. ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ ನನ್ನದು. ಓದುತ್ತಿದ್ದವರು ಮೂವತ್ತು ಮಂದಿ ಇದ್ದಿರಬಹುದು, ಅವರಲ್ಲಿ ಅರ್ಧ ಬೀಗರು. ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಡಾಬಕಾದಲ್ಲಿ ನನ್ನ ಚಿಗವ್ವ ಆರು ಹೆಂಗಸರ ಭಜನಾ ಮೇಳ ನಡೆಸುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಹೋದರೆ ಬುದ್ಧವಿಹಾರದ ಕಟ್ಟೆಯ ಮೇಲೆ ಐದೇ ಮಂದಿ. ನೀರಿನ ಟ್ಯಾಂಕರಿಗಾಗಿ ಖಾಲಿ ಕೊಡಗಳನ್ನು ಸಾಲಿಗಿಟ್ಟು, ಅದು ಬರುವ ತನಕ ಹಾಡಲು ಕೂತಿದ್ದರು. ಆರನೆಯವಳು ಚಿಗವ್ವನ ಚಿಕ್ಕಂದಿನ ಗೆಳತಿ. ಗಂಡನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಳು.

ಪಲ್ಲವಿ ಎಲ್ಲರೂ ಕೂಡಿ ಹಾಡುತ್ತಿದ್ದರು, ನುಡಿ ಒಬ್ಬೊಬ್ಬರದು ಒಂದೊಂದು. ನಾಲ್ಕನೆಯ ನುಡಿ ಬಂದಾಗ ಮಾತ್ರ ಎಲ್ಲರೂ ಬಾಯಿ ಮುಚ್ಚಿ ಬರೀ ತಾಳ ಹಾಕಿದರು, ಒಂದು ನುಡಿಯಷ್ಟು ಹೊತ್ತು ಪೂರಾ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಐದನೆಯದಕ್ಕೆ ಹೋದರು. ಮರೆತರು ಅಂದುಕೊಂಡೆ. ಕೇಳಬಹುದಿತ್ತು, ಅಷ್ಟರಲ್ಲಿ ಟ್ಯಾಂಕರ್ ಬಂತು, ಎಲ್ಲರೂ ಕೊಡ ಹಿಡಿದು ಓಡಿದರು.

ಮರುದಿನ ಉಪಕಾರ ಮಾಡಲು ಹೊರಟೆ. ಚಿಗವ್ವನ ಮಾನ ಉಳಿಸಬೇಕಲ್ಲ! ನಾನು ಮಾಡಿಕೊಂಡಿದ್ದ ರೆಕಾರ್ಡಿನಲ್ಲಿ ಆ ಖಾಲಿ ಭಾಗವನ್ನು ಮೊಬೈಲಿನಲ್ಲೇ ಕತ್ತರಿಸಿ, ಮೂರನೆಯ ನುಡಿಗೆ ಐದನೆಯದನ್ನು ಜೋಡಿಸಿದೆ. ಜೋಡಿಸಿದ್ದು ಗೊತ್ತೇ ಆಗುವಂತಿರಲಿಲ್ಲ. ‘ಈ ಸಲ ತಪ್ಪೇ ಇಲ್ಲದ ಹಾಡು’ ಎಂದು ಬರೆದು ಹಾಕಿದೆ.

ನಾಲ್ಕು ದಿನಕ್ಕೆ ಚಿಗವ್ವನ ಫೋನ್ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಳುತ್ತಿದ್ದಳು.

"ಏ ಪೋರಿ, ಹಾಡಿನಾಗಿಂದು ಏನ್ ತೆಗದಿ?"

"ನಡುವ ಖಾಲಿ ಇತ್ತಲ್ಲ ಚಿಗವ್ವ, ನೀವು ಮರತಿದ್ರಿ..."

"ಮರತಿದ್ದಿಲ್ಲ. ಅದು ಆಕಿ ನುಡಿ. ಆಕಿ ಊರಾಗ ಇಲ್ಲಂದ್ರ ಬ್ಯಾರೆ ಯಾರೂ ಅನ್ನಂಗಿಲ್ಲ, ತಾಳ ಹಾಕಿ ಜಾಗಾ ಇಡ್ತೇವಿ. ಸತ್ತವರ ಜಾಗಾ ಅಷ್ಟೇ ಮುಚ್ಚೂದು. ಕಬ್ಬು ಕಡಿಯೋ ಮಂದಿ ಟೋಳಿಯಾಗ ಯಾರೋ ಈ ಹಾಡು ಹಚ್ಯಾರ, ಆಕಿ ಕೇಳ್ಯಾಳ. ‘ನಿಮ್ಮ ಪಾಲಿಗೆ ನಾ ಸತ್ತೆನೇನ? ಇನ್ನ ಆ ಕಟ್ಟಿ ಹತ್ತಂಗಿಲ್ಲ’ ಅಂದು ಫೋನ್ ಇಟ್ಟಾಳ. ಈಗ ನಾ ಮಾಡಿದ್ರ ಎತ್ತವಲ್ಲಳು."

ಬರಕ್ಕೆ ಮುಂಚೆ ಆ ಆರು ಮಂದಿಯಲ್ಲಿ ಯಾರೂ ಊರು ಬಿಟ್ಟಿರಲಿಲ್ಲ, ಹಾಗಾಗಿ ಈ ರೂಢಿ ನನಗೆ ಗೊತ್ತಾಗಿರಲೇ ಇಲ್ಲ. ಆದರೆ ಅದು ನೆಪ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಲವತ್ತು ವರ್ಷದ ಗೆಳೆತನಕ್ಕೆ ನನ್ನ ಕತ್ತರಿ ಬಿದ್ದಿತ್ತು.

ಪುಣ್ಯಕ್ಕೆ ಮೂಲ ರೆಕಾರ್ಡ್ ಅಳಿಸಿರಲಿಲ್ಲ. ಅದನ್ನು ಇಡಿಯಾಗಿ ಹಾಕಿ, ಮೊದಲ ಸಲ ನನ್ನದೇ ತಪ್ಪನ್ನು ಬರೆದೆ. ಬರೆದ ಮೇಲೆ ಹೊಳೆಯಿತು, ಯಾರು ಓದಬೇಕೋ ಅವಳಿಗೆ ಅಕ್ಷರ ಬರುವುದಿಲ್ಲ. ಹಾಡು ಶುರುವಾಗುವ ಮೊದಲು ನನ್ನ ದನಿಯಲ್ಲೇ ಹೇಳಿ ಸೇರಿಸಿದೆ: "ನಾಲ್ಕನೇದು ನಿಮ್ಮ ನುಡಿರಿ. ಅವರು ನಿಮ್ಮ ಜಾಗಾ ಇಟ್ಟಿದ್ರು. ತಿಳೀದೆ ತೆಗದಾಕಿ ನಾನು, ಅವರಲ್ಲ." ಚಿಗವ್ವನಿಂದ ನಂಬರ್ ಪಡೆದು ಟೋಳಿಯವರ ಫೋನಿಗೆ ಕಳಿಸಿದೆ.

ಮುಂದಿನ ಭಾನುವಾರ ತಪ್ಪೊಪ್ಪಿಕೊಳ್ಳಲು ಡಾಬಕಾಕ್ಕೆ ಹೋದೆ. ಐದೂ ಮಂದಿ ಕಟ್ಟೆಯ ಮೇಲಿದ್ದರು, ತಾಳ ಮಾತ್ರ ಚೀಲದಿಂದ ಹೊರಬಂದಿರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಅಷ್ಟರಲ್ಲಿ ಚಿಗವ್ವನ ಫೋನ್ ಬಡಿದುಕೊಂಡಿತು. ಎತ್ತಿದರೆ ಮಾತಿಲ್ಲ, ಆ ಕಡೆಯಿಂದ ಎತ್ತಿನ ಗೆಜ್ಜೆ, ಮಕ್ಕಳ ಗಲಾಟೆ, ಅದರ ನಡುವೆ ನಾನು ಕಳಿಸಿದ ಹಾಡು. ಚಿಗವ್ವ ಸ್ಪೀಕರ್ ಹಚ್ಚಿ ಫೋನನ್ನು ಎಲ್ಲರ ನಡುವೆ ಇಟ್ಟಳು. ಮೂರನೆಯ ನುಡಿ ಮುಗಿಯಿತು. ಬರೀ ತಾಳ ಶುರುವಾಯಿತು. ಅದರ ಮೇಲೆ ಒಡಕು ದನಿಯೊಂದು ಎದ್ದು, ನಡುವೆ ಕೆಮ್ಮಿ, ನಾಲ್ಕನೆಯ ನುಡಿಯನ್ನು ಪೂರಾ ಹಾಡಿತು. ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನಂತೂ ಎಲ್ಲರೆದುರೇ ಅತ್ತುಬಿಟ್ಟೆ.

ಹಾಡು ಮುಗಿದ ಮೇಲೆ ಆ ದನಿ ಹೇಳಿತು:

"ಸಕ್ಕರಿ ಕಾರ್ಖಾನಿ ಬಂದಾದ ಕೂಡ್ಲೆ ಬರ್ತೇನಿ, ಜಾಗಾ ಹಂಗೇ ಇಡ್ರಿ. ಮತ್ತ ಆ ಬೀದರಿನ ಪೋರಿಗೆ ಹೇಳ್ರಿ, ಕೆಮ್ಮೂ ನಂದೇ ಅದ, ಅದನ್ನೂ ಕತ್ತರಿಸಬ್ಯಾಡಂತ."