ಮೈಕಮ್ಮ ಹೇಳದೆ ಬಿಟ್ಟ ಮಾತು

ಊರಿಗೆಲ್ಲ ಅವಳು ಮೈಕಮ್ಮ. ನಗರಸಭೆಯ ಪ್ರಚಾರದ ಗಾಡಿಯಲ್ಲಿ ಮೈಕು ಹಿಡಿದು ಕೂರುವುದು ಅವಳ ಕೆಲಸ, ಆ ಗಾಡಿ ಓಡಿಸುವುದು ನನ್ನದು. ನಾಳೆ ನೀರು ಬರುವುದಿಲ್ಲ, ರಸ್ತೆ ಅಗೆಯುತ್ತಾರೆ, ಮಕ್ಕಳಿಗೆ ಲಸಿಕೆ ಹಾಕಿಸಿ. ಕಚೇರಿ ಬರೆದುಕೊಟ್ಟಿದ್ದನ್ನು ಓದಿ ಮುಗಿಸಿ ಅವಳು ತನ್ನದೊಂದು ಮಾತು ಸೇರಿಸುತ್ತಿದ್ದಳು: "ನಾನೇ ಹೇಳ್ತಿದ್ದೀನಿ, ಕೇಳಿ." ಅದು ಯಾರೂ ಬರೆದುಕೊಟ್ಟದ್ದಲ್ಲ. ಅಷ್ಟು ಕಿವಿಗೆ ಬಿದ್ದರೆ ಸಾಕು, ನಲ್ಲಿಯಲ್ಲಿ ನೀರು ಧೋ ಎಂದು ಬರುತ್ತಿದ್ದರೂ ಜನ ಬಕೆಟ್ಟು ತುಂಬಿಸಿಡುತ್ತಿದ್ದರು.

"ನನ್ನ ಗಂಡ ಒಬ್ಬನ್ನ ಬಿಟ್ರೆ ಊರೇ ನನ್ನ ಮಾತು ಕೇಳುತ್ತೆ ಕಣಪ್ಪ" ಎಂದು ನಗುತ್ತಿದ್ದಳು.

ಊರಂಚಿನ ಕಾರ್ಖಾನೆಯಲ್ಲಿ ಅನಿಲದ ಟ್ಯಾಂಕಿನ ವಾಲ್ವು ಕೆಟ್ಟಿದೆ ಎಂದು ಕೆಲಸಗಾರರು ಬಾಯಿ ಬಾಯಿ ಬಡಿದುಕೊಂಡಿದ್ದರು. ತಪಾಸಣೆಗೆ ಬಂದ ಮಹಾನುಭಾವರು ಕಾಫಿ ಕುಡಿದು, ಎಲ್ಲ ಸರಿಯಿದೆ ಎಂದು ಹೇಳಿ ಹೋಗಿದ್ದರು. ಒಂದು ಬೆಳಗ್ಗೆ ವಿಷಾನಿಲ ಸೋರಿತು. ಜನ ಮೂಗು ಮುಚ್ಚಿಕೊಂಡು ಗುಡ್ಡದ ಕಡೆ ಹೊರಟಾಗಲೇ ಕಚೇರಿಯಿಂದ ಪ್ರಕಟಣೆ ಬಂತು: ಅಪಾಯವಿಲ್ಲ, ಯಾರೂ ಮನೆ ಬಿಟ್ಟು ಹೋಗಬೇಡಿ. ನಾನು ಗಾಡಿ ಓಡಿಸಿದೆ, ಅವಳು ಓದಿದಳು. ಕೊನೆಗೆ ರೂಢಿಯಂತೆ ತನ್ನ ಮಾತನ್ನೂ ಸೇರಿಸಿದಳು.

ಅವಳ ತಂಗಿ ಅಷ್ಟರಲ್ಲಿ ಮನೆಗೆ ಬೀಗ ಹಾಕಿ, ಮಗಳ ಕೈ ಹಿಡಿದು ಬೀದಿಯ ತುದಿಗೆ ಬಂದಿದ್ದಳು. "ಅಕ್ಕನೇ ಹೇಳ್ತಿದ್ದಾಳೆ, ನಡಿ ಒಳಗೆ" ಎಂದು ಮಗಳನ್ನು ತಿರುಗಿಸಿಕೊಂಡು ಹೋದಳು. ಇದನ್ನು ನಮಗೆ ಹೇಳಿದವನು ಎದುರು ಮನೆಯ ದರ್ಜಿ. ಹಟಮಾರಿ ಮನುಷ್ಯ, ಯಾರ ಮಾತಿಗೂ ಸೊಪ್ಪು ಹಾಕದೆ ಗುಡ್ಡ ಹತ್ತಿ ಬದುಕಿಕೊಂಡ. ಸಂಜೆ ಬಾಗಿಲು ಒಡೆದು ತಾಯಿ ಮಗಳ ಹೆಣಗಳನ್ನು ಹೊರಗೆ ತಂದೆವು.

ಆಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ನಾವು ಜನರನ್ನು ಒಳಗೆ ಅಟ್ಟುತ್ತಿದ್ದ ಹೊತ್ತಿನಲ್ಲೇ ಕಚೇರಿಯ ಜೀಪು ಅಧಿಕಾರಿಯ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಗುಡ್ಡ ದಾಟಿತ್ತು. ಅದೇ ಅಧಿಕಾರಿ, ಆ ಪ್ರಕಟಣೆ ಬರೆದವನು! ತನಿಖೆ ನಡೆಸಿದವರು ಗಾಳಿ ದಿಕ್ಕು ಬದಲಿಸಿತು ಎಂದು ಗಾಳಿಯ ಮೇಲೆ ಗೂಬೆ ಕೂರಿಸಿ ಎದ್ದು ಹೋದರು. ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಮೈಕಮ್ಮ ಮೈಕು ಮುಟ್ಟುವುದನ್ನು ಬಿಟ್ಟಳು. ಕಾರ್ಖಾನೆ ಮತ್ತೆ ತೆರೆಯುವ ದಿನ ಹತ್ತಿರ ಬಂದಾಗ ಅಧಿಕಾರಿ ಅವಳ ಮನೆಯನ್ನೇ ಹುಡುಕಿಕೊಂಡು ಬಂದ. ಮುಖಕ್ಕೆ ನಾಚಿಕೆ ಅನ್ನುವುದು ಬೇಡವೇ?

"ಕಾರ್ಖಾನೆ ಈಗ ಸುರಕ್ಷಿತ ಅಂತ ಹೇಳ್ಬೇಕಮ್ಮ. ನಮ್ಮನ್ನ ಜನ ನಂಬ್ತಿಲ್ಲ. ಕೊನೇಲಿ ನಿಮ್ಮ ಆ ಮಾತೂ ಇರಲಿ."

ಅವಳು ಎದ್ದಳು. "ನಡೀರಿ ಸಾರ್. ನೀವೂ ಜೊತೇಲಿ ಬನ್ನಿ."

ತಂಗಿಯ ಬೀದಿಯಲ್ಲಿ ಗಾಡಿ ನಿಲ್ಲಿಸು ಎಂದಳು. ನಿಲ್ಲಿಸಿದೆ. ಮೈಕು ಹಾಕಿ ಪ್ರಕಟಣೆಯನ್ನು ಒಂದಕ್ಷರ ಬಿಡದೆ ಓದಿದಳು. ಜನ ಬಾಗಿಲಿಗೆ ಬಂದರು. ದರ್ಜಿ ಹೊಲಿಗೆ ನಿಲ್ಲಿಸಿ ಹೊರಗೆ ಬಂದ. ಅವಳು ಅಧಿಕಾರಿಯ ಕಡೆ ತಿರುಗಿದಳು.

"ಸಾರ್, ಅವತ್ತು ಜೀಪಲ್ಲಿ ಕಳಿಸಿದ್ರಲ್ಲ, ನಿಮ್ಮ ಹೆಂಡ್ತಿ ಮಕ್ಕಳು ವಾಪಸ್ ಬಂದ್ರಾ?"

ಮೈಕನ್ನು ಅವನ ಬಾಯಿಗೆ ಹಿಡಿದಳು. ಅವನು ಉಗುಳು ನುಂಗಿದ್ದು ಗಾಡಿಯ ಮೇಲಿನ ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿಸಿತು.

"ಅದು... ಅದು ನಮ್ಮ ಮನೆ ವಿಷಯ."

"ಇದೂ ನಮ್ಮ ಮನೆ ವಿಷಯಾನೇ ಸಾರ್" ಎಂದಳು ಮೈಕಮ್ಮ, ಬೀಗ ಬಿದ್ದಿದ್ದ ತಂಗಿಯ ಮನೆ ಕಡೆ ನೋಡುತ್ತ. ಮತ್ತೆ ಮೈಕು ತನ್ನ ಬಾಯಿಗೆ ತಂದುಕೊಂಡಳು. "ಇಷ್ಟು ಹೊತ್ತು ಓದಿದ್ದು ಕಚೇರಿಯವರ ಮಾತು."

ಬೀದಿ ಅವಳ ಮಾತಿಗೆ ಕಾಯಿತು. ಅವಳು ಮೈಕು ಆರಿಸಿ ತೊಡೆಯ ಮೇಲಿಟ್ಟುಕೊಂಡಳು.

ದರ್ಜಿ ಬಂದು ಗಾಡಿಯ ಮುಂದೆ ನಿಂತ. ಅವನ ಪಕ್ಕಕ್ಕೆ ಇನ್ನೊಬ್ಬರು, ಹಿಂದೆ ಮತ್ತಷ್ಟು ಜನ. "ಗಾಡಿ ತೆಗಿಯಯ್ಯ, ಬೇಗ!" ಎಂದು ಅಧಿಕಾರಿ ನನ್ನ ಮೇಲೆ ರೇಗಿದ.

ನಾನು ಕೀಲಿ ತೆಗೆದು ಮೈಕಮ್ಮನ ಕೈಗೆ ಕೊಟ್ಟೆ.