ಬರೋರ ತಾಟ

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಅರವತ್ತು ದಾಟಿದವನು ನಾನು. ಕನ್ನಡ ಶಾಲೆಯ ಮಾಸ್ತರಿಕೆಯಲ್ಲಿ ಆಯುಷ್ಯ ಸವೆಸಿದವನು, ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ದೊಡ್ಡ ದನಿಯಲ್ಲಿ ಪ್ರಾರ್ಥನೆ ಮಾಡುವವನು. ಇಷ್ಟಾದರೂ ಊಟಕ್ಕೆ ಕೂತಾಗ ನನ್ನ ಎಡಗಡೆಯ ಖಾಲಿ ಮಣೆಯನ್ನು ನೇರವಾಗಿ ನೋಡುವ ಧೈರ್ಯ ನನಗೆ ಮೊನ್ನೆ ಮೊನ್ನೆಯವರೆಗೂ ಇರಲಿಲ್ಲ. ಆ ಮಣೆಯ ಮುಂದೆ ಒಂದು ತಾಟು ಇರುತ್ತದೆ. ತಾಟಿನಲ್ಲಿ ಊಟ ಬಡಿಸಿರುತ್ತದೆ. ಉಣ್ಣುವವರು ಮಾತ್ರ ಇರುವುದಿಲ್ಲ.

ಇದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಾಕಿಕೊಟ್ಟ ರೂಢಿ. ನಮ್ಮದು ನಾಲ್ಕು ತಲೆಮಾರಿನ ಕ್ರೈಸ್ತ ಮನೆತನ. ಆಯಿಗೆ ಓದು ಬರಹ ಬರುತ್ತಿರಲಿಲ್ಲ. ಧರ್ಮದ ಹತ್ತಾರು ಮಾತುಗಳಲ್ಲಿ ಅವಳು ಗಟ್ಟಿಯಾಗಿ ಹಿಡಿದದ್ದು ಒಂದನ್ನೇ: ಗುರುತಿಲ್ಲದವರಿಗೆ ಇಕ್ಕಿದ ಅನ್ನ ಯೇಸುಸ್ವಾಮಿಗೇ ಮುಟ್ಟುತ್ತದೆ. ಹಾಗಾಗಿ ಮನೆಮಂದಿಗೆ ಬಡಿಸುವಾಗ ಒಂದು ತಾಟು ಹೆಚ್ಚಿಗೆ. ಅದಕ್ಕೆ ಅವಳಿಟ್ಟ ಹೆಸರು ‘ಬರೋರ ತಾಟ’. ಯಾರು ಬರುವವರು ಎಂದು ಕೇಳಿದರೆ, “ಬಂದಾಗ ಗೊತ್ತಾಗ್ತೈತಿ, ಸುಮ್ನ ಉಣ್ಣ” ಎನ್ನುತ್ತಿದ್ದಳು. ಅವಳ ಕಾಲದಲ್ಲಿ ಬರುವವರು ಬರುತ್ತಲೂ ಇದ್ದರಂತೆ. ಸಂತೆಗೆ ನಡೆದು ಹೋಗುವವರು, ಕುರಿ ಹೊಡೆದುಕೊಂಡು ಹೊರಟವರು, ಮಿರಜಿನ ದವಾಖಾನೆಗೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಡೆದವರು.

ಚಿಕ್ಕವನಿದ್ದಾಗ ಒಮ್ಮೆ ತಿಳಿಯದೆ ಆ ಮಣೆಯ ಮೇಲೆ ಕೂತುಬಿಟ್ಟೆ. ಆಯಿ ಬೈಯಲಿಲ್ಲ. ದನಿ ತಗ್ಗಿಸಿ, “ಏಳಪಾ, ಅಲ್ಲಿ ಒಬ್ರು ಕುಂತಾರ” ಎಂದಳು. ಅಬ್ಬಾ, ನಾನು ಎದ್ದ ಪರಿ! ಕುಂಡಿಗೆ ಕೆಂಡ ತಗುಲಿದವನ ಹಾಗೆ. ಆಯಿ ಭಕ್ತಿಯಿಂದ ಆಡಿದ ಮಾತು ನನ್ನೊಳಗೆ ಭಯವಾಗಿ ಇಳಿಯಿತು. ಆ ತಾಟಿನ ಪಕ್ಕದ ತಂಬಿಗೆಯಲ್ಲಿ ನೀರು ಅಲುಗಿದರೆ ಯಾರೋ ಉಸಿರು ಬಿಟ್ಟರು ಅನಿಸುತ್ತಿತ್ತು. ತೋಟದ ದಾರಿಯಲ್ಲಿ ಕಬ್ಬಿನ ಲಾರಿ ಹೋದಾಗ ನೆಲ ಅದುರುತ್ತದೆ, ನೀರು ಅಲುಗುತ್ತದೆ ಎಂಬುದು ದೊಡ್ಡವನಾದ ಮೇಲೆ ತಿಳಿಯಿತು. ತಿಳಿದು ಏನು ಬಂತು? ಲಾರಿ ಓಡದ ದಿನವೂ ನೀರು ಅಲುಗುವುದನ್ನು ನಾನು ನೋಡಿದ್ದೇನೆ.

ನಮ್ಮ ಮನೆ ಇರುವ ಜಾಗವೂ ಹಾಗೇ ಇದೆ. ಉಗಾರ ಖುರ್ದ ಬಿಟ್ಟು ಕಾಗವಾಡದ ಕಡೆಗೆ ಬರುವಾಗ ಡಾಂಬರು ರಸ್ತೆಯಿಂದ ಬಹಳ ಒಳಗೆ ಒಂದು ತೋಟದ ಮನೆ. ಬೇಸಿಗೆಯಲ್ಲಿ ಅಂಗಳದಿಂದ ಸಕ್ಕರೆ ಫ್ಯಾಕ್ಟರಿಯ ಚಿಮಣಿ ಕಾಣುತ್ತದೆ. ದೀಪಾವಳಿಯ ಹೊತ್ತಿಗೆ ಕಬ್ಬು ಎರಡಾಳು ಎತ್ತರ ಬೆಳೆದು ನಾಲ್ಕೂ ಕಡೆ ಗೋಡೆ ಕಟ್ಟಿಬಿಡುತ್ತದೆ. ಆಮೇಲೆ ನಮಗೆ ಕಾಣುವುದು ತಲೆಯ ಮೇಲಿನ ಆಕಾಶ ಅಷ್ಟೇ. ಗಾಳಿಯೇ ಇಲ್ಲದ ಮಧ್ಯಾಹ್ನ ಒಳಗಿನ ರವದಿ, ಅಂದರೆ ಕಬ್ಬಿನ ಒಣ ಎಲೆ, ಸರಸರ ಎನ್ನುತ್ತದೆ. ಹಂದಿಯಿರಬಹುದು, ನರಿಯಿರಬಹುದು, ನಮ್ಮ ನಾಯಿ ಮೋತ್ಯಾನೇ ಇರಬಹುದು. ಮನುಷ್ಯರು ಮಾತಾಡಿದರೂ ದನಿ ಯಾವ ದಿಕ್ಕಿನಿಂದ ಬಂತೆಂದು ಹೇಳಲಾಗದು. ನಡುಮಧ್ಯಾಹ್ನ ಕಬ್ಬಿನ ಕಡೆಯಿಂದ ಯಾರಾದರೂ ಕರೆದರೆ ಮೂರನೆಯ ಕರೆಗೆ ಓಗೊಡಬೇಕು, ಮೊದಲ ಎರಡು ಕರೆ ಮನುಷ್ಯರದಲ್ಲ ಎಂಬ ಮಾತು ನಮ್ಮ ಕಡೆ ಇದೆ. ನಾವು ಕ್ರೈಸ್ತರು ಇಂಥದ್ದನ್ನೆಲ್ಲ ನಂಬುವುದಿಲ್ಲ. ಓಗೊಡುವುದು ಮಾತ್ರ ಮೂರನೆಯ ಕರೆಗೇ.

ಕಾಣದವರಿಗೆ ಬಡಿಸುವವರು ನಾವೊಬ್ಬರೇ ಅಲ್ಲ, ಬಿಡಿ. ಯೆಹೂದಿಗಳು ಹಬ್ಬದ ದಿನ ಒಬ್ಬ ಪ್ರವಾದಿಗೆಂದು ಬಟ್ಟಲು ತುಂಬಿಟ್ಟು, ಅವನು ಬರಲೆಂದು ಬಾಗಿಲು ತೆರೆಯುತ್ತಾರಂತೆ. ನಮ್ಮ ನೆರೆತೋಟದವರು ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ ಆ ಎಡೆಯಲ್ಲಿರಬೇಕು. ಬೀಡಿ ಸೇದುತ್ತಿದ್ದ ಮುದುಕನಿಗೆ ಬೀಡಿಯೂ ಇರಬೇಕು. ಇಟ್ಟಾದ ಮೇಲೆ ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತಾರೆ, ಹಿರಿಯರು ನಿಶ್ಚಿಂತೆಯಿಂದ ಉಣ್ಣಲಿ ಎಂದು. ದೀಪ ಆರುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅವರು ಬಾಗಿಲು ತೆರೆಯುತ್ತಾರೆ, ಇವರು ಮುಚ್ಚುತ್ತಾರೆ. ನಾವು ಬಾಗಿಲನ್ನು ಅದರ ಪಾಡಿಗೆ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತೇವೆ.

ಊರೂರಿಗೆ ಬಸ್ಸು ಬಂತು, ಮನೆಮನೆಗೆ ಮೋಟರ್‌ಸೈಕಲ್ ಬಂತು. ನಡೆದು ಬರುವವರು ನಿಂತೇ ಹೋದರು. ಆದರೂ ನಾವು ತಾಟು ಇಡುವುದನ್ನು ಬಿಡಲಿಲ್ಲ. ಪ್ರಾರ್ಥನೆ ಮುಗಿಯುತ್ತದೆ, ಊಟ ಮುಗಿಯುತ್ತದೆ, ನನ್ನ ಹೆಂಡತಿ ಸುಶೀಲಾ ಆ ತಾಟನ್ನು ಎತ್ತಿಕೊಂಡು ಹೋಗಿ ಮೋತ್ಯಾನ ಮುಂದೆ ಸುರಿಯುತ್ತಾಳೆ. ನಮ್ಮ ಮನೆಯ ಅತಿಥಿಸತ್ಕಾರದಿಂದ ಮೈ ತುಂಬಿಕೊಂಡವನು ಅವನೊಬ್ಬನೇ. ಚರ್ಚಿನಲ್ಲಿ ಮಾತ್ರ ನಾನು ಈ ರೂಢಿಯ ಬಗ್ಗೆ ಆಗಾಗ ಹೇಳಿಕೊಳ್ಳುತ್ತಿದ್ದೆ, ಗುರುತಿಲ್ಲದವರ ಮೇಲೆ ನಮ್ಮ ಮನೆಯವರಿಗೆ ಎಷ್ಟು ಪ್ರೀತಿ ನೋಡಿ ಎಂದು. ಹೇಳಿಕೊಳ್ಳಲಿಕ್ಕೆ ಏನು ಖರ್ಚು?

ಕಳೆದ ಸುಗ್ಗಿಯಲ್ಲಿ ಒಬ್ಬರು ಬಂದೇ ಬಂದರು.

ತಿಂಗಳ ಮೊದಲ ಭಾನುವಾರ ಅದು. ಅವತ್ತು ಚರ್ಚಿನಲ್ಲಿ ಪ್ರಭುಭೋಜನದ ಆರಾಧನೆ, ಹೆಂಗಸರು ಬಿಳಿ ಸೀರೆ ಉಡುತ್ತಾರೆ. ಮನೆಗೆ ಬಂದವರು ಬಟ್ಟೆ ಬದಲಿಸದೆ ಹಾಗೇ ಊಟಕ್ಕೆ ಕೂತೆವು: ಬಿಳಿ ಸೀರೆಯಲ್ಲಿ ಸುಶೀಲಾ, ಬಿಳಿ ಸೀರೆಯಲ್ಲಿ ನಮ್ಮ ಜೊತೆಗಿರುವ ನನ್ನ ಅಕ್ಕ, ಬಿಳಿ ಅಂಗಿ ಧೋತರದಲ್ಲಿ ನಾನು. ಕರೆಂಟ್ ಇರಲಿಲ್ಲ, ನಡುಮನೆ ಹಗಲಲ್ಲೂ ಕತ್ತಲೆ. ಅಕ್ಕ ಒಂದು ಮೇಣಬತ್ತಿ ಹಚ್ಚಿ, ಬೇರೆಲ್ಲೂ ಜಾಗವಿಲ್ಲವೆಂದು ಬರೋರ ತಾಟಿನ ಮುಂದೆ ನಿಲ್ಲಿಸಿದಳು. ಹೊರಗೆ ನೆರೆಯವರ ಕಬ್ಬಿಗೆ ಬೆಳಗ್ಗೆ ಬೆಂಕಿ ಹಚ್ಚಿ ಕಡಿಯುತ್ತಿದ್ದರು. ಸುಟ್ಟ ಎಲೆಯ ಕರಿ ಚೂರುಗಳು ಅಂಗಳದಲ್ಲಿ ಸದ್ದಿಲ್ಲದೆ ಇಳಿಯುತ್ತಿದ್ದವು.

ಮೂವರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದೆವು. ನನ್ನ ಪ್ರಾರ್ಥನೆ ಸ್ವಲ್ಪ ಉದ್ದ. ಸಾರು ಆರಿಹೋಗುತ್ತದೆಂದು ಸುಶೀಲಾಳ ಹಳೆಯ ತಕರಾರಿದೆ. “ಗುರುತಿಲ್ಲದವರನ್ನು ನಮ್ಮ ಮನೆಗೆ ಕಳಿಸು, ಸ್ವಾಮಿ” ಎನ್ನುವಲ್ಲಿಗೆ ಬಂದಿದ್ದೆ.

“ಯವ್ವಾ” ಎಂದಿತು ಬಾಗಿಲಿನ ಕಡೆಯಿಂದ ಒಂದು ದನಿ.

ಇಷ್ಟು ವರ್ಷ ಬಾ ಬಾ ಎಂದು ಕರೆದವನು ನಾನು, ಬಂದ ಮೇಲೆ ಕಣ್ಣು ತೆರೆಯಲಿಲ್ಲ. ದನಿ ಏರಿಸಿ ಪ್ರಾರ್ಥನೆ ಮುಂದುವರಿಸಿದೆ. “ಯವ್ವಾ…” ಎಂದಿತು ಮತ್ತೆ, ಈ ಸಲ ಹತ್ತಿರದಿಂದ. ಸುಶೀಲಾ ನನ್ನ ಮೊಣಕೈ ಹಿಡಿದುಕೊಂಡಳು. ಮೂರನೆಯ ಕರೆಗೆ ಕಾದೆವು. ಅದು ಬರಲಿಲ್ಲ. ಕಡೆಗೆ ನಾನೇ ಒಂದು ಕಣ್ಣು ತೆರೆದೆ.

ಹೊಸ್ತಿಲಿನ ಮೇಲೆ ಒಂದು ಆಕೃತಿ ನಿಂತಿತ್ತು. ಮುಖಕ್ಕೆ ಬಟ್ಟೆ ಸುತ್ತಿತ್ತು, ಕೈಗೂ ಬಟ್ಟೆ ಸುತ್ತಿತ್ತು, ಮೈಯೆಲ್ಲ ಮಸಿ. ಕಾಣುತ್ತಿದ್ದದ್ದು ಎರಡು ಕಣ್ಣು. ಆ ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ. ನನ್ನ ಎಡಗಡೆಯ ಮಣೆಯನ್ನು, ಅಲ್ಲಿ ಯಾರೋ ಕೂತಿದ್ದರೆ ಹೇಗೆ ನೋಡಬೇಕೋ ಹಾಗೆ, ನೆಟ್ಟು ನೋಡುತ್ತಿತ್ತು.

“ಯಾರ್ರೀ ತೀರ್ಕೊಂಡಾರ?” ಎಂದಿತು.

ಮುಖದ ಬಟ್ಟೆ ಜಾರಿಸಿದ ಮೇಲೆ ನೋಡಿದರೆ ಇಪ್ಪತ್ತು ದಾಟಿದ ಒಬ್ಬ ಹೆಣ್ಣುಮಗಳು, ತುಂಬಿದ ಬಸುರಿ. ಜತ್ತ ಕಡೆಯಿಂದ ಬಂದ ಕಬ್ಬು ಕಡಿಯುವ ಟೋಳಿಯವಳು, ಅಂದರೆ ಆ ಗುಂಪಿನ ಕೂಲಿಯವಳು. “ತಲಿ ತಿರಗಿ ಕಬ್ಬಿನ್ಯಾಗ ಕುಂತ್ನಿರಿ. ಎಚ್ಚರಾಗೂದ್ರಾಗ ಟೋಳಿ ಎಲ್ಲಿ ಹೋತೋ ಕಾಣವಲ್ದು. ನಿನ್ನಿ ಸಂಜಿಂದ ಹೊಟ್ಟ್ಯಾಗ ಏನೂ ಇಲ್ರಿ” ಎಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಸುಶೀಲಾಳ ಮುಖ ಅರಳಿತು. ಮದುವೆಯಾಗಿ ಬಂದ ದಿನದಿಂದ ಕಾದಿದ್ದ ಅತಿಥಿ! “ಬಾರವ್ವ, ನಿನಗಂತನ ಇಟ್ಟೇವಿ” ಎಂದು ಅವಳನ್ನು ನೇರ ಬರೋರ ತಾಟಿನ ಮುಂದೆ ತಂದಳು. ಆ ಹುಡುಗಿ ಹಾವು ತುಳಿದವಳಂತೆ ಹಿಂದೆ ಸರಿದಳು.

“ಒಲ್ಲೆರಿ, ಒಲ್ಲೆ. ಮಂದಿ ಹಿರೇರ ಎಡಿ ನಾ ಉಣಬಾರದ್ರಿ. ನನ್ನ ಹೊಟ್ಟ್ಯಾಗ ಕೂಸೈತಿ.”

ಅವಳ ಕಣ್ಣಿನಿಂದ ನಮ್ಮ ಮನೆಯನ್ನು ನಾನು ಆಗ ಮೊದಲ ಸಲ ನೋಡಿದೆ. ಕಬ್ಬಿನ ನಡುವೆ ಒಂಟಿ ಮನೆ. ಒಳಗೆ ಬಿಳಿ ಬಟ್ಟೆಯ ಮೂವರು ಕಣ್ಣು ಮುಚ್ಚಿ ಕೂತಿದ್ದಾರೆ. ಕರೆದರೆ ಓ ಅನ್ನುವುದಿಲ್ಲ. ಯಾರೂ ಇಲ್ಲದ ಮಣೆಯ ಮುಂದೆ ತುಂಬಿದ ತಾಟು, ದೀಪ. ಅವಳ ಜಾಗದಲ್ಲಿ ನಾನಿದ್ದರೆ ಅಂಗಳದಿಂದಲೇ ಓಡಿಬಿಡುತ್ತಿದ್ದೆ.

ತಿಳಿಸಿ ಹೇಳುವ ಕೆಲಸ ಮಾಸ್ತರನದು. “ಇದು ಸತ್ತವರದಲ್ಲವ್ವ, ಬರೋರದು” ಎಂದೆ.

“ಯಾರು ಬರೋರು?”

“ಅದು ನಮಗೂ ಗೊತ್ತಿಲ್ಲ.”

“ಎಂದಿನಿಂದ ಇಡಾಕತ್ತೀರಿ?”

“ನಮ್ಮ ಆಯಿ ಕಾಲದಿಂದ. ದಿನಾ ಇಡ್ತೇವಿ.”

ಹುಡುಗಿ ಹೊಸ್ತಿಲು ದಾಟಿ ಹೊರಗೆ ಹೋಗಿಬಿಟ್ಟಳು. ನಾಲ್ಕು ಹೆಜ್ಜೆ ಇಟ್ಟವಳು ಅಂಗಳದಲ್ಲೇ ಕುಸಿದಳು. ಅಕ್ಕ ಹಿಂದಿನ ಕಾಲದ ನರ್ಸ್, ಓಡಿ ಹೋಗಿ ತಲೆ ಹಿಡಿದು, ಎತ್ತಿ ಒಳಗೆ ತಂದು ನಡುಮನೆಯ ಗೋಡೆಗೆ ಆನಿಸಿ ಕೂರಿಸಿದಳು. ನಾಡಿ ಹಿಡಿದು ನೋಡಿ ನನ್ನ ಕಡೆ ತಿರುಗಿ, “ಲೇ ತಮ್ಮಾ, ಇಕಿ ಹೊಟ್ಟಿಗೆ ಈಗ ಏನರ ಬೀಳಬೇಕು. ಇಲ್ಲಂದ್ರ ಕೂಸಿನ ಜೀವಕ್ಕ ಧೋಕಾ ಐತಿ” ಎಂದಳು. ಸುಶೀಲಾ ಬೇರೆ ತಾಟಿನಲ್ಲಿ ಬಿಸಿ ಅನ್ನ, ಮಟನ್ ಸಾರು ತಂದಳು. ಹುಡುಗಿ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ನೀರೂ ಬೇಡ ಎಂದಳು. ಎಡೆಗೆ ಬಡಿಸಿದ ಗಡಿಗೆಯ ಅನ್ನವೇ ಇದೂ ಅಲ್ಲವೇ ಎಂಬುದು ಅವಳ ಪ್ರಶ್ನೆ. ಹಸಿವಿನಿಂದ ಅವಳ ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು, ಆದರೂ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಮ್ಮಿಂದ ಆ ಕೂಸನ್ನು ಕಾಯುತ್ತಿದ್ದಳು. ದೇವರೇ, ನಮ್ಮಿಂದ!

ಕಡೆಗೆ ಅವಳೇ ದಾರಿ ಹೇಳಿದಳು. “ಅಜ್ಜಾರ, ದೀಪ ಇನ್ನೂ ಉರ್ಯಾಕತ್ತೈತಿ. ಎಡಿ ಅಲ್ಲಂದ್ರ ಆ ತಾಟಿನ್ಯಾಗ ನೀವು ಉಣ್ರಿ. ನೀವು ಉಂಡ್ರ ನಾನೂ ಉಣ್ತೇನಿ.”

ಮೂವರು ಹೆಂಗಸರೂ ನನ್ನನ್ನೇ ನೋಡಿದರು. ನಾಲ್ಕು ತಲೆಮಾರಿನ ವಿಶ್ವಾಸ, ಇಷ್ಟುದ್ದದ ಪ್ರಾರ್ಥನೆ, ಎಲ್ಲಿ ಹೋಯಿತೋ ಏನೋ. “ಅಲ್ಲಿ ಒಬ್ರು ಕುಂತಾರ” ಎಂಬ ಮಾತು ಕಿವಿಯಲ್ಲೇ ಇತ್ತು. ನಾನು ಕೂತರೆ ಅವರು ಎಲ್ಲಿಗೆ ಹೋಗಬೇಕು? ಆದರೂ ಗೋಡೆಗೆ ಒರಗಿದ ಆ ಹುಡುಗಿಯನ್ನು ನೋಡಿ, ಹೋಗಿ ಕೂತೆ. ಮಣೆ ಬೆಚ್ಚಗಿತ್ತು. ಹಗಲು ಬಿಸಿಲು ಬೀಳುತ್ತದಲ್ಲ ಎಂದು ಸುಶೀಲಾ ಆಮೇಲೆ ಸಮಾಧಾನ ಹೇಳಿದಳು. ಬೀಳುತ್ತದೆ ನಿಜ, ಬೇಸಿಗೆಯಲ್ಲಿ.

ತುತ್ತು ಮುರಿದು ಬಾಯಿಗಿಟ್ಟೆ. ರೊಟ್ಟಿ ಎರಡು ದಿನದ್ದು, ಮುರಿಯಲು ಎರಡು ಕೈ ಬೇಕಾಯಿತು. ಅನ್ನ ತಂಗಳು. ಬೇಳೆ ಹಳಸಿ ಹುಳಿಯಾಗಿತ್ತು. ಕೆಂಪಗೆ ಕಾಣಲಿ ಎಂದು ಮೇಲೆ ಅರ್ಧ ಸೌಟು ಮಟನ್ ಸಾರು, ಒಂದು ಎಲುಬು. ಪಾಪ, ಆ ಹುಡುಗಿ ವೃಥಾ ಹೆದರಿದ್ದಳು. ಅದು ನಮ್ಮ ಗಡಿಗೆಯ ಊಟವೇ ಆಗಿರಲಿಲ್ಲ.

ಸುಶೀಲಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಹುಡುಗಿ ಮಾತ್ರ ರೆಪ್ಪೆ ಬಡಿಯದೆ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಮುಖ ಸಿಂಡರಿಸಿದರೆ ಅವಳು ಉಣ್ಣುವುದಿಲ್ಲ. ಅಗಿದೆ, ನುಂಗಿದೆ, ಮತ್ತೊಂದು ತುತ್ತು ತೆಗೆದುಕೊಂಡೆ.

“ರುಚಿ ಐತೇನ್ರಿ?” ಎಂದಳು.

“ಭಾಳ ರುಚಿ ಐತವ್ವ” ಎಂದೆ.

ಆಗ ಅವಳು ಕೈ ಚಾಚಿದಳು. ಒಂದು ತಾಟು ಉಂಡಳು, ಇನ್ನೊಂದು ತಾಟು ಉಂಡಳು, ಅಕ್ಕ ಕೊಟ್ಟ ಬೆಲ್ಲದ ನೀರು ಕುಡಿದಳು. ಮುಖಕ್ಕೆ ಕಳೆ ಬಂತು. ಕೂಸು ಒದೆಯಿತೆಂದು ಅಕ್ಕನ ಕೈ ಹಿಡಿದು ಹೊಟ್ಟೆಗೆ ಮುಟ್ಟಿಸಿ ನಕ್ಕಳು. ಆ ಹೊತ್ತಿಗೆ ಕಬ್ಬಿನಾಚೆಯಿಂದ ಗಂಡಸಿನ ದನಿಯೊಂದು ಗಾಬರಿಯಲ್ಲಿ “ಲಕ್ಷ್ಮೀ” ಎಂದು ಕೂಗಿತು. ಅವಳು ಮೊದಲ ಕರೆಗೇ “ಓ” ಎಂದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಕ್ಕನಿಗೆ, ಸುಶೀಲಾಳಿಗೆ, ನನಗೆ ಒಬ್ಬೊಬ್ಬರಿಗೇ ಕೈಮುಗಿದಳು. ಆಮೇಲೆ ನನ್ನ ಪಕ್ಕದ ಖಾಲಿ ಜಾಗಕ್ಕೂ ಕೈಮುಗಿದಳು.

“ಹೆಂಗೂ ಮೋತ್ಯಾನ ಪಾಲಿಗೆ ಹೋಗೂದು ಅಂತ… ಆಕಿನ್ನ ಕರಿಯೂದ್ರಾಗ ಅದು ಮರ್ತೇ ಹೋತು” ಎಂದು ಸುಶೀಲಾ ಅತ್ತಳು. ಅವಳನ್ನು ಬೈಯಲು ನನಗೆಲ್ಲಿಯ ಬಾಯಿ? ಇಷ್ಟು ವರ್ಷ ಆ ತಾಟಿನ ಪಕ್ಕದಲ್ಲೇ ಕೂತು ಉಂಡವನು ನಾನು. ಹೆದರಿಕೆಗೆ ಭಕ್ತಿಯೆಂಬ ಹೆಸರಿಟ್ಟು, ಅದರಲ್ಲಿ ಏನಿದೆ ಎಂದು ಒಂದು ದಿನವೂ ಕಣ್ಣು ಹಾಯಿಸಲಿಲ್ಲ. ಹಳಸಿದ್ದನ್ನು, ತಂಗಳನ್ನು ನಾಯಿ ಉಂಡಿತು ಎನ್ನಬಹುದು, ಆದರೆ ನಾವು ಬಡಿಸಿದ್ದು ನಾಯಿಗೆಂದು ಹೇಳಿ ಅಲ್ಲವಲ್ಲ.

ಈಗ ಸುಶೀಲಾ ಗಡಿಗೆಯ ಮೊದಲ ಸೌಟನ್ನು ಆ ತಾಟಿಗೇ ಬಡಿಸುತ್ತಾಳೆ, ಬಿಸಿ ರೊಟ್ಟಿ, ಒಳ್ಳೆಯ ತುಂಡು. ಎಲುಬು ನನಗೆ ಬಂದಿದೆ. ನನ್ನ ಪ್ರಾರ್ಥನೆ ಬಹಳ ಗಿಡ್ಡವಾಗಿದೆ, ಕಣ್ಣು ತೆರೆದೇ ಮಾಡುತ್ತೇನೆ, ಬಾಗಿಲ ಕಡೆ ನೋಡುತ್ತ. ತಂಬಿಗೆಯ ನೀರು ಈಗಲೂ ಒಮ್ಮೊಮ್ಮೆ ಅಲುಗುತ್ತದೆ. ಅಲುಗಲಿ. ಉಪ್ಪಿನಕಾಯಿಯನ್ನು ಮೊದಲು ಎಡಕ್ಕೆ ಸರಿಸಿ ಆಮೇಲೆ ನಾನು ಬಡಿಸಿಕೊಳ್ಳುತ್ತೇನೆ. ಇಷ್ಟು ವರ್ಷ ನನ್ನ ಮನೆಯ ಹಳಸಿದ ಬೇಳೆ ಉಂಡೂ ಒಂದು ಮಾತು ಆಡದೆ, ಎದ್ದೂ ಹೋಗದೆ ಕೂತವನ ಮುಂದೆ ಇನ್ನು ಹೆದರುವುದೇನು, ತಲೆ ಎತ್ತಲು ನಾಚಿಕೆ ಅಷ್ಟೇ.